ಆವಣಿ ಹತ್ತಿರದ ಕಲ್ಲುಮನೆಯಲ್ಲಿ ಒಂದು ರಾತ್ರಿ

ಮುಳಬಾಗಿಲು ಕಡೆ ಹೋದವರು ಆವಣಿ ದೇವಸ್ಥಾನ ನೋಡಿ ಸಂಜೆಗೇ ವಾಪಸ್ ಬಂದುಬಿಡುತ್ತಾರೆ. ನಾವು ಈ ಸಲ ಪಕ್ಕದ ಹಳ್ಳಿಯ ಒಂದು ಹಳೇ ಕಲ್ಲುಮನೆಯಲ್ಲಿ ಉಳಿದೆವು. ಬೋರ್ಡ್ ಇಲ್ಲ, ಮನೆಯವರೇ ಎರಡು ಕೋಣೆ ಬಿಟ್ಟುಕೊಡುತ್ತಾರೆ. ತಲೆಗೆ 1,200 ರೂಪಾಯಿ, ಊಟ ತಿಂಡಿ ಸೇರಿ.

ಮನೆ ಪೂರ್ತಿ ಕಲ್ಲಿನದು. ಗೋಡೆಗೆ ಚಪ್ಪಡಿ ನಿಲ್ಲಿಸಿದ್ದಾರೆ, ಮೇಲಕ್ಕೂ ಚಪ್ಪಡಿ, ಅದರ ಮೇಲೆ ಮಣ್ಣು, ಸುಣ್ಣದ ಗಾರೆ. ಅಂಚಿನಲ್ಲಿ ಸಾಲಾಗಿ ಗುಳಿಗಳ ಗುರುತಿದೆ. ಮನೆಯ ಅಜ್ಜಿ ಅದರಲ್ಲಿ ಬೆರಳಿಟ್ಟು ತೋರಿಸಿದರು: ಬಂಡೆ ಮೇಲೆ ಬೆಂಕಿ ಹಾಕಿ ಕಾಯಿಸಿದರೆ ಪದರ ಏಳುತ್ತದೆ, ಆಮೇಲೆ ಉಳಿಯಲ್ಲಿ ಗುಳಿ ತೋಡಿ, ಕಬ್ಬಿಣದ ಬೆಣೆ ಹೊಡೆದು ಸೀಳುತ್ತಿದ್ದರು. ಹೊಲದ ಬೇಲಿಗೂ ಕಲ್ಲುಕಂಬ ನೆಡುವ ಸೀಮೆ ಅಲ್ವಾ ಇದು.

ನನಗೆ ಜಾಸ್ತಿ ಹಿಡಿಸಿದ್ದು ಅಂಗಳದ ಹಗೇವು. ನೆಲದೊಳಗೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದೇ ಅನ್ನ. ತೆಗೆದ ಕೂಡಲೇ ಇಳಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದರಂತೆ. ಇದನ್ನು ಹೇಳುವಾಗ ಅಜ್ಜಿ ದನಿ ತಗ್ಗಿಸಿದರು.

ಬೆಳಿಗ್ಗೆ ಅವರ ಮಗ ಕೆರೆ ಏರಿ ಮೇಲೆ ಕರೆದುಕೊಂಡು ಹೋದರು. ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರದಲ್ಲಿ ಊರು ಹುಟ್ಟಿದ್ದೇ ಕೆರೆಯಿಂದ. ಒಂದರ ಕೋಡಿ ಹರಿದು ಮುಂದಿನದಕ್ಕೆ ಹೋಗುತ್ತದೆ, ಏರಿಯ ಕೆಳಗೆ ಗದ್ದೆ. ನೊಳಂಬರ ಕಾಲದಲ್ಲಿ, 10ನೇ ಶತಮಾನದಲ್ಲಿ, ಆವಣಿಯ ಮಠ ನೋಡಿಕೊಂಡ ತ್ರಿಭುವನಕರ್ತಾರ ಎಂಬ ಯತಿ 40 ವರ್ಷದಲ್ಲಿ 50 ದೇವಾಲಯ, 2 ದೊಡ್ಡ ಕೆರೆ ಕಟ್ಟಿಸಿದ ಎಂದು ಅಲ್ಲಿನ ಶಾಸನದಲ್ಲಿದೆ. ದೇವಾಲಯದ ಲೆಕ್ಕದ ಜೊತೆಗೇ ಕೆರೆಯನ್ನೂ ಕಲ್ಲಿನಲ್ಲಿ ಬರೆಸಿದ್ದಾರೆ, ನೋಡಿ. ಏರಿ ಮೇಲೆ ನಿಂತು ಇದನ್ನು ಕೇಳಿದಾಗ ಮೈ ಜುಮ್ಮೆಂದಿತು.

ಊಟ ಚೆನ್ನಾಗಿತ್ತು. ಬಿಸಿ ಮುದ್ದೆ, ಮಸ್ಸೊಪ್ಪು, ಹುರುಳಿಕಾಳು.

ಬೇಜಾರಾದದ್ದು ಒಂದೇ. ಮುಂದಿನ ಕೋಣೆಯ ಕಲ್ಲಿಗೆ ಹಸಿರು ಆಯಿಲ್ ಪೇಂಟ್ ಬಳಿದಿದ್ದಾರೆ, ಬಂದವರಿಗೆ ನೀಟಾಗಿ ಕಾಣಲಿ ಅಂತ. ದಯವಿಟ್ಟು ಇನ್ನೊಂದು ಕೋಣೆಗೆ ಬಳಿಯಬೇಡಿ ಎಂದು ಕೈಮುಗಿದು ಕೇಳಿಕೊಂಡು ಬಂದೆ. ಹೋಗುವವರು ಹಿಂದಿನ ಕೋಣೆಯನ್ನೇ ಕೇಳಿ. ಬಚ್ಚಲು ಹೊರಗಿದೆ, ಟಾರ್ಚ್ ಇರಲಿ. ಬೇಸಿಗೆಯಲ್ಲಿ ಕಲ್ಲು ಹಗಲಿನ ಕಾವನ್ನು ನಡುರಾತ್ರಿವರೆಗೂ ಬಿಡುವುದಿಲ್ಲ. ನಾವು ಚಾಪೆ ಎತ್ತಿಕೊಂಡು ಜಗುಲಿಗೆ ಬಂದು ಮಲಗಿದೆವು, ಅಜ್ಜಿ ಆಗಲೇ ಅಲ್ಲಿ ಮಲಗಿದ್ದರು.