ಶಿರಸಿ ಮಳೆ ಕಂಡ ಟ್ಯೂಬ್‌ಲೆಸ್ ಕಿಟ್: ಸೀಲೆಂಟ್ ಸೈ, ಟೇಪು ದಂಡ

ಮೊದಲು ಬೈದುಬಿಡುತ್ತೇನೆ. ಸೈಕಲ್ ಟೈರನ್ನು ಒಳಗೆ ಟ್ಯೂಬ್ ಇಲ್ಲದೆ ಓಡಿಸಲು ಬರುವ ಈ ಕಿಟ್ ಜೊತೆಗಿನ ರಿಮ್ ಟೇಪು (ಸ್ಪೋಕಿನ ತೂತು ಮುಚ್ಚಲು ರಿಮ್ಮಿಗೆ ಸುತ್ತುವುದು) ಶುದ್ಧ ದಂಡ. ಡಬ್ಬದ ಮೇಲೆ ಹೊಗಳಿಕೊಂಡಿರುವುದೆಲ್ಲ ಸೀಲೆಂಟನ್ನು, ಅಂದರೆ ಟೈರಿನೊಳಗೆ ಸುರಿದರೆ ಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುವ ದ್ರವವನ್ನು. ಮುಳ್ಳು ಚುಚ್ಚದ ದಿನವೂ ಗಾಳಿ ಹಿಡಿದಿಡಬೇಕಾದ್ದು ಟೇಪು, ಕಂಪನಿಯವರು ದುಡ್ಡು ಉಳಿಸಿದ್ದು ಅಲ್ಲೇ. ಹೆಸರು ಬೇಡ, ಇಂಥ ಕಿಟ್‌ಗಳು ಬೇಕಾದಷ್ಟಿವೆ.

ನನ್ನ ಓಡಾಟ ಶಿರಸಿ ಸುತ್ತಮುತ್ತ. ಮನೆಯಿಂದ ತೋಟ, ತೋಟದಿಂದ ಸೊಪ್ಪಿನ ಬೆಟ್ಟ, ರಜೆ ಸಿಕ್ಕರೆ ಸೋಂದಾ ಅಥವಾ ಸಹಸ್ರಲಿಂಗ. ಕಾಲಲ್ಲಿ ಬಲ ಇದ್ದ ದಿನ ಯಾಣದ ಕಡೆ. ಬೇಲಿ ಕಟ್ಟುವ ಕಾಲದಲ್ಲಿ ದಾರಿ ತುಂಬ ಬಿದಿರು ಮುಳ್ಳು. ಟ್ಯೂಬ್ ಹಾಕಿ ಓಡಿಸುತ್ತಿದ್ದಾಗ ಉಂಬಳ ಕಾಲು ಹತ್ತುವ ಮೊದಲು ಪಂಕ್ಚರ್ ಕೆಲಸ ಮುಗಿಸುವುದೇ ಒಂದು ಪಂದ್ಯ. ಅದು ಸಾಕಾಗಿಯೇ ಟ್ಯೂಬ್‌ಲೆಸ್‌ಗೆ ಬಂದೆ.

ಬೇಸಿಗೆಯಲ್ಲಿ ತಕರಾರಿರಲಿಲ್ಲ. ಮಳೆ ಹಿಡಿದ ಮೇಲೆ ಹಿಂದಿನ ಚಕ್ರ ರಗಳೆ ಶುರು ಮಾಡಿತು. ಸಂಜೆ ಗಟ್ಟಿ, ಬೆಳಿಗ್ಗೆ ಚಪ್ಪಟೆ. ಮುಳ್ಳಿಲ್ಲ, ಟೈರು ಹರಿದ ಗುರುತಿಲ್ಲ. ‘ಇನ್ನೊಂದಿಷ್ಟು ಸೀಲೆಂಟ್ ಹಾಕು’ ಎಂಬ ಸಲಹೆ ಎಲ್ಲರ ಬಾಯಲ್ಲೂ ಇತ್ತು. ಆದರೆ ಚಕ್ರ ಅಲ್ಲಾಡಿಸಿದರೆ ಒಳಗೆ ಗಳಗಳ ಅನ್ನುತ್ತಿತ್ತು, ಸೀಲೆಂಟಿಗೇನೂ ಕೊರತೆ ಇರಲಿಲ್ಲ. ಪೇಟೆಯ ಪಂಕ್ಚರ್ ಅಂಗಡಿಯವರು ತಿರುಗಿಸಿ ನೋಡಿ, “ಇದ್ರೊಳಗೆ ಟ್ಯೂಬೇ ಇಲ್ವಲ್ಲ ಹೆಗಡೇರೆ, ನಾ ಎಂತ ಮಾಡ್ಲಿ?” ಅಂದರು. ನ್ಯಾಯವಾದ ಪ್ರಶ್ನೆ.

ಗಾಳಿ ಹೋಗುವ ಜಾಗ ಹುಡುಕಲು ನನ್ನದೊಂದು ಪದ್ಧತಿ ಇದೆ. ಬೆಳ್ಳಿ ಪಾತ್ರೆ ತೊಳೆಯಲು ಅಮ್ಮ ಇಟ್ಟುಕೊಂಡ ಅಂಟುವಾಳದಲ್ಲಿ ನಾಲ್ಕು ಕಾಯಿ ಕದ್ದು ರಾತ್ರಿ ನೆನೆಹಾಕುವುದು. ಬೆಳಿಗ್ಗೆ ಕಿವುಚಿ, ಹಳೆಯ ಶೇವಿಂಗ್ ಬ್ರಷ್‌ನಲ್ಲಿ ನೊರೆ ಎಬ್ಬಿಸುವುದು. ಜಗಲಿಯಲ್ಲಿ ಸೈಕಲ್ ತಲೆಕೆಳಗೆ ಮಾಡಿ, ಪಕ್ಕದಲ್ಲಿ ಕಷಾಯದ ಲೋಟ ಇಟ್ಟುಕೊಂಡು, ಟೈರಿನ ಅಂಚು, ವಾಲ್ವಿನ ಬುಡ, ಒಂದೊಂದೇ ಸ್ಪೋಕಿನ ಬುಡಕ್ಕೆ ನೊರೆ ಹಚ್ಚುತ್ತ ಹೋಗುವುದು. ಗಡಿಬಿಡಿ ಮಾಡಬಾರದು. ಸಣ್ಣ ಸೋರಿಕೆಯಾದರೆ ಗುಳ್ಳೆ ಏಳಲು ನಿಮಿಷವೇ ಬೇಕು. ಸೋಪಿನ ನೊರೆಗಿಂತ ಇದು ಹೆಚ್ಚು ಹೊತ್ತು ನಿಲ್ಲುತ್ತದೆ.

ಗುಳ್ಳೆ ಎದ್ದದ್ದು ವಾಲ್ವಿನ ಬುಡದಲ್ಲಿ. ನಟ್ಟನ್ನು ಕೈಯಲ್ಲೇ ಬಿಗಿ ಮಾಡಿದೆ. (ಪಕ್ಕಡ್ ಹಾಕಬೇಡಿ, ಒಳಗಿನ ರಬ್ಬರು ಹಾಳಾಗುತ್ತದೆ. ದಾರಿಯಲ್ಲಿ ಬಿಚ್ಚಲೂ ಬರುವುದಿಲ್ಲ.) ಅಲ್ಲಿ ನಿಂತಿತು, ಎದುರು ಬದಿಯ ಸ್ಪೋಕಿನ ಬುಡದಲ್ಲಿ ಶುರುವಾಯಿತು! ಟ್ಯೂಬ್‌ಲೆಸ್‌ನ ದೊಡ್ಡ ಮೋಸ ಇದೇ. ಟೇಪು ಎಲ್ಲೋ ಒಂದು ಕಡೆ ಎದ್ದರೆ ಗಾಳಿ ರಿಮ್ಮಿನ ಟೊಳ್ಳಿನೊಳಗೆ ಹೊಕ್ಕು, ಸಿಕ್ಕ ತೂತಿನಲ್ಲಿ ಹೊರಗೆ ಬರುತ್ತದೆ. ಗುಳ್ಳೆ ಬಂದ ಜಾಗವೇ ಕೆಟ್ಟ ಜಾಗ ಅಂತಿಲ್ಲ. ಸ್ಪೋಕಿನ ಬುಡದಲ್ಲಿ ಗುಳ್ಳೆ ಬಂತೆಂದರೆ ಟೈರು ಬಿಚ್ಚಿ ಟೇಪು ನೋಡಲೇಬೇಕು.

ಬಿಚ್ಚಿದರೆ ಟೇಪಿನ ಒಂದು ಅಂಚು ಎದ್ದು, ಅಡಿಯಲ್ಲಿ ಸೀಲೆಂಟ್ ನುಗ್ಗಿತ್ತು. ನನ್ನ ರಿಮ್ಮಿನ ಒಳ ಅಗಲ 30 ಮಿಲಿಮೀಟರ್, ಕಿಟ್‌ನ ಟೇಪು 25. ಇರಬೇಕಾದ್ದು ರಿಮ್ಮಿಗಿಂತ ಎರಡು ಮೂರು ಮಿಲಿಮೀಟರ್ ಜಾಸ್ತಿ. ಆಗ ಅಂಚು ಟೈರಿನ ಬೀಡಿನ (ರಿಮ್ಮಿಗೆ ಕಚ್ಚಿ ಕೂರುವ ಟೈರಿನ ದಪ್ಪ ಅಂಚು) ಅಡಿಗೆ ಸಿಕ್ಕಿ ಗಟ್ಟಿಯಾಗಿ ಕೂರುತ್ತದೆ. ಎಲ್ಲ ರಿಮ್ಮಿಗೂ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದವರಿಗೆ ಇದು ಗೊತ್ತಿಲ್ಲವಾ? ಉಳಿದ ತುಂಡನ್ನು ಕೊಟ್ಟಿಗೆಯ ನೀರಿನ ಪೈಪಿಗೆ ಸುತ್ತಿದ್ದೆ, ಅಲ್ಲೂ ಬಿಟ್ಟಿದೆ.

ಅಗಲದ ಟೇಪು ಬೇರೆ ತರಿಸಿದೆ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ರಿಮ್ಮನ್ನು ಬೆಚ್ಚಗಿನ ಜಾಗದಲ್ಲಿ ಚೆನ್ನಾಗಿ ಒಣಗಿಸಿದೆ. ನಮ್ಮ ಆಷಾಢದಲ್ಲಿ ಒಣಗಿಸುವುದೇ ದೊಡ್ಡ ಕೆಲಸ. ಟೇಪನ್ನು ಜಗ್ಗಿ ಎಳೆದು, ಹೆಬ್ಬೆರಳಲ್ಲಿ ಒತ್ತುತ್ತ ಸುತ್ತಿ, ಕೊನೆಯಲ್ಲಿ ವಾಲ್ವಿನ ತೂತು ದಾಟಿ ಒಂದು ಗೇಣು ಮೇಲೆ ಹತ್ತಿಸಿದೆ. ಹಳೆ ಟ್ಯೂಬ್ ಹಾಕಿ ಗಾಳಿ ತುಂಬಿ ರಾತ್ರಿಯಿಡೀ ಬಿಟ್ಟರೆ ಟೇಪು ರಿಮ್ಮಿಗೆ ಅಚ್ಚೊತ್ತಿದ ಹಾಗೆ ಕೂರುತ್ತದೆ. ಟ್ಯೂಬ್ ಹಾಕುವ ಮೊದಲೇ ಟೇಪಿನಲ್ಲಿ ವಾಲ್ವಿಗೆ ತೂತು ಮಾಡಬೇಕು, ಅದಕ್ಕೆ ಬ್ಲೇಡು ಬೇಡ. ಅಡಿಕೆ ಚೀಲ ಹೊಲಿಯುವ ದಬ್ಬಣ ಕಾಯಿಸಿ ಚುಚ್ಚಿದರೆ ತೂತಿನ ಅಂಚು ಕರಗಿ ನಿಲ್ಲುತ್ತದೆ, ಸೀಳು ಮುಂದೆ ಓಡುವುದಿಲ್ಲ. ಕಾಲಿನ ಪಂಪಿಗೆ ಟೈರು ಕೂರದಿದ್ದರೆ ವಾಲ್ವಿನ ಒಳಗಿನ ಕೋರ್ (ಗಾಳಿ ತಡೆಯುವ ಸಣ್ಣ ಕಡ್ಡಿ) ಬಿಚ್ಚಿ ಪಂಪು ಹೊಡೆಯಿರಿ, ಗಾಳಿ ಒಮ್ಮೆಲೇ ನುಗ್ಗಿ ಟಪ್ ಟಪ್ ಅಂತ ಕೂರುತ್ತದೆ.

ಆಮೇಲೆ ಆ ಚಕ್ರ ಸುಮ್ನಾಯಿತು. ಸಿಟ್ಟೂ ಇಳಿಯಿತು. ಹಿಂದೊಮ್ಮೆ ಟೈರು ಬದಲಿಸುವಾಗ ಒಳಗೆ ಕೈಯಾಡಿಸಿದರೆ ಮುಳ್ಳಿನ ತುದಿಗಳು ತುಂಬ ಇದ್ದವು. ಒಂದೊಂದರ ಸುತ್ತಲೂ ಸಣ್ಣ ರಬ್ಬರ್ ಗಂಟು. ಚುಚ್ಚಿದ್ದೇ ನನಗೆ ಗೊತ್ತಾಗಿರಲಿಲ್ಲ. ಸೀಲೆಂಟ್‌ಗೆ ಕೈ ಮುಗಿಯಬೇಕು ಅನ್ನಿಸಿದ್ದು ಆಗಲೇ. ಇನ್ನೊಂದು ಸುಖ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಬಿದ್ದು ಒಡೆಯುವ ಭಯ ಇಲ್ಲದ್ದರಿಂದ 22, 24 ಪಿಎಸ್‌ಐನಷ್ಟು ಕಡಿಮೆ ಗಾಳಿಯಲ್ಲೇ ಓಡಿಸಬಹುದು. ಪಾಚಿ ಕಟ್ಟಿದ ಚಿರೆಕಲ್ಲಿನ ಮೇಲೆ ಅದರ ಹಿಡಿತವೇ ಬೇರೆ.

ಸೀಲೆಂಟಿಗೂ ಒಂದು ಕೊರೆ ಇದೆ. ಏಪ್ರಿಲ್, ಮೇ ಸೆಕೆಗೆ ಬೇಗ ಒಣಗುತ್ತದೆ. ಗಳಗಳ ಸದ್ದು ನಿಂತರೆ ಮತ್ತೆ ಹಾಕಬೇಕು. ಒಂದು ಟೈರಿಗೆ ನಾನು ಹಾಕುವುದು 100 ಮಿಲಿಲೀಟರ್. ವಾಲ್ವಿನ ಕೋರಿನಲ್ಲೂ ಕಟ್ಟಿಕೊಳ್ಳುತ್ತದೆ, ಪಂಪಿನ ಗಾಳಿ ಒಳಗೆ ಹೋಗದಿದ್ದರೆ ಮೊದಲು ಅದನ್ನು ಬಿಚ್ಚಿ ತೊಳೆಯಿರಿ.

ಸೀಲೆಂಟ್ ಬಾಟಲಿಯ ದುಡ್ಡಿಗೆ ಎರಡು ಮೂರು ಟ್ಯೂಬು ಬರುತ್ತವೆ. ಹಾಗಾಗಿ ಕಾರವಾರ, ಕುಮಟಾದ ಡಾಂಬರು ರಸ್ತೆಯಲ್ಲಷ್ಟೇ ಓಡಿಸುವವರು ಈ ಉಸಾಬರಿಗೆ ಹೋಗಬೇಕಾಗಿಲ್ಲ. ಬೆಟ್ಟ, ಬೇಲಿ, ಬಿದಿರುಮೆಳೆ ಇರುವ ಕಡೆಯವರು ತಗೊಳ್ಳಿ, ಆದರೆ ಕಿಟ್ ಬೇಡ. ಸೀಲೆಂಟ್ ಬೇರೆ, ವಾಲ್ವ್ ಬೇರೆ, ರಿಮ್ ಅಳೆದು ಟೇಪು ಬೇರೆ ತರಿಸಿ. 10 ಮೀಟರಿನ ಒಂದು ಸುರುಳಿ ನಾಲ್ಕು ಚಕ್ರಕ್ಕೆ ಸಾಕು. ಯಾಣದ ಕಡೆ ಹೋಗುವಾಗ ಚೀಲದಲ್ಲಿ ಒಂದು ಟ್ಯೂಬೂ ಇರಲಿ. ಟೈರಿನ ಪಕ್ಕೆ ಕಲ್ಲಿಗೆ ಸೀಳಿದರೆ ಯಾವ ಸೀಲೆಂಟೂ ನಿಲ್ಲಿಸುವುದಿಲ್ಲ.