ಹಳೆ ಫೋಟೊ ಸ್ಕ್ಯಾನ್ ಮಾಡುವ ಬಿಸಿನೆಸ್‌ಗೆ ಕ್ಯಾನನ್ ಲೈಡ್ 400 ಸಾಕಾ?

ಸಾಕು, ಪ್ರಿಂಟ್ ಫೋಟೊ ಮಟ್ಟಿಗೆ. 5ಕ್ಕೆ 4 ಕೊಡುತ್ತೇನೆ. ನೆಗೆಟಿವ್ ಕೂಡ ಮಾಡಿಕೊಡುತ್ತೇನೆ ಅಂತ ಬೋರ್ಡ್ ಹಾಕುವ ಯೋಚನೆ ಇದ್ದರೆ ಇದು ಬೇಡ, ಇದರಲ್ಲಿ ನೆಗೆಟಿವ್ ಸ್ಕ್ಯಾನ್ ಆಗುವುದೇ ಇಲ್ಲ.

ತೆಳ್ಳಗಿನ ಎ4 ಸ್ಕ್ಯಾನರ್. ಒಂದೇ ಯುಎಸ್‌ಬಿ ಕೇಬಲ್, ಕರೆಂಟೂ ಅದರಲ್ಲೇ. ಲ್ಯಾಪ್‌ಟಾಪ್ ಜೊತೆ ಬ್ಯಾಗಿಗೆ ಹಾಕಿಕೊಂಡು ಗಿರಾಕಿ ಮನೆಗೇ ಹೋಗಬಹುದು, ಅದೇ ಇದರ ದೊಡ್ಡ ಲಾಭ. ತನ್ನ ಮದುವೆ ಆಲ್ಬಂ ಅನ್ನು ಗುರುತಿಲ್ಲದವರ ಕೈಗೆ ಕೊಟ್ಟು ಕಳಿಸೋಕೆ ಯಾವ ಅಜ್ಜಿ ಒಪ್ತಾರೆ ಹೇಳಿ?

ಡಬ್ಬದ ಮೇಲಿನ 4800 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ನೋಡಿ ಮರುಳಾಗಬೇಡಿ. 600 ಇಟ್ಟರೆ 4x6 ಇಂಚಿನ ಫೋಟೊ 2400x3600 ಪಿಕ್ಸೆಲ್ ಆಗುತ್ತದೆ, 8x12 ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಬಹುದು. ಅದಕ್ಕಿಂತ ಜಾಸ್ತಿ ಇಟ್ಟರೆ ಸುಮ್ನೆ ಧೂಳು, ಗೀರು ದೊಡ್ಡದಾಗಿ ಕಾಣುತ್ತದೆ, ಟೈಮೂ ಹೋಗುತ್ತದೆ. ಪಾಸ್‌ಪೋರ್ಟ್ ಸೈಜಿಗೆ ಮಾತ್ರ 1200 ಇಡಿ.

ಒಂದೇ ಸಲ ಹಲವು ಫೋಟೊ ಇಟ್ಟರೆ ಬೇರೆ ಬೇರೆ ಫೈಲ್ ಮಾಡಿಕೊಡುತ್ತದೆ. ಆದರೆ ಫೋಟೊಗಳ ನಡುವೆ, ಅಂಚಿನಲ್ಲಿ 1 ಸೆಂ.ಮೀ. ಜಾಗ ಬಿಡಬೇಕು. ಹಾಗಾಗಿ 3.5x5 ಆದರೆ ನಾಲ್ಕು ಹಿಡಿಯುತ್ತದೆ, 4x6 ಎರಡೇ. ಸ್ಟಾಂಪ್ ಸೈಜ್ ಫೋಟೊ ಆಟೊದಲ್ಲಿ ನೆಟ್ಟಗೆ ಗುರುತು ಸಿಗುವುದಿಲ್ಲ, ಕೈಯಲ್ಲೇ ಕ್ರಾಪ್ ಮಾಡಿ. ರೇಟ್ ಹೇಳುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಇದರಲ್ಲಿರುವುದು ಸಿಐಎಸ್, ಅಂದರೆ ತೀರಾ ಹತ್ತಿರದಿಂದ ಓದುವ ಸೆನ್ಸರ್; ಅದಕ್ಕೆ ಫೋಟೊ ಗಾಜಿಗೆ ಒತ್ತಿಕೊಂಡೇ ಇರಬೇಕು. ಸುರುಳಿಯಾದದ್ದು, ಫ್ರೇಮ್ ಗಾಜಿಗೇ ಅಂಟಿಕೊಂಡು ಕೂತದ್ದು ಮಸುಕಾಗಿ ಬರುತ್ತದೆ. ಅಂಟಿದ್ದನ್ನು ಎಳೆಯಲು ಹೋಗಬೇಡಿ, ಚಿತ್ರದ ಪದರವೇ ಗಾಜಿಗೆ ಉಳಿದುಬಿಡುತ್ತದೆ. ಅಂಥದ್ದಕ್ಕೆ, ನೆಗೆಟಿವ್‌ಗೂ, ಎಪ್ಸನ್ ವಿ600 ಥರದ ಸಿಸಿಡಿ ಸ್ಕ್ಯಾನರ್ (ಲೆನ್ಸ್ ಇರುವುದು, ಗಾಜಿನಿಂದ ತುಸು ಮೇಲಿದ್ದರೂ ಸ್ಪಷ್ಟವಾಗಿ ಹಿಡಿಯುತ್ತದೆ) ಬೇಕು. ಇನ್ನು ಕರಿಜ್ಮಾ ಆಲ್ಬಂ (ಹಾಳೆ ತುಂಬ ಫೋಟೊ ಪ್ರಿಂಟ್ ಮಾಡಿದ ಮದುವೆ ಆಲ್ಬಂ) ತಂದರೆ 12x36 ಇಂಚಿನ ಹಾಳೆ ಇದರ ಮೇಲೆ ಎಲ್ಲಿ ಕೂರುತ್ತದೆ? ಸ್ಟುಡಿಯೋದಲ್ಲಿ ಫೈಲ್ ಉಳಿದಿದೆಯಾ ಕೇಳಿ ಅನ್ನಿ.

ಸ್ಕ್ಯಾನರ್ ಮಾಡದ ಕೆಲಸಕ್ಕೇ ದುಡ್ಡು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಅದು ಫೈಲಿಗೆ ಸ್ಕ್ಯಾನ್ ಮಾಡಿದ ದಿನದ ತಾರೀಖು, ಸಾಲು ನಂಬರ್ ಹಾಕಿ ಕೊಡುತ್ತದೆ ಅಷ್ಟೆ. 1978ರ ಮದುವೆ ಫೋನ್ ಗ್ಯಾಲರಿಯಲ್ಲಿ ನಿನ್ನೆ ಮೊನ್ನೆಯ ಊಟದ ಫೋಟೊ ಪಕ್ಕ ಬಂದು ಕೂರುತ್ತದೆ. ಡಿಜಿಕ್ಯಾಮ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ತಾರೀಖು ತಿದ್ದಬಹುದು, ಹೆಸರನ್ನೂ ಸೇರಿಸಬಹುದು. ಆದರೆ ಇದು ನಾಮಕರಣವಾ, ಮುಂಜಿಯಾ, ಎಡಗಡೆ ನಿಂತವರು ಸೋದರಮಾವನಾ ಚಿಕ್ಕಪ್ಪನಾ ಅಂತ ಮನೆಯ ಹಿರಿಯರ ಪಕ್ಕ ಕೂತು ಕೇಳಿಯೇ ಬರೆಯಬೇಕು, ಮಧ್ಯೆ ಕಾಫಿ ಬರುತ್ತದೆ, ಒಂದು ಫೋಟೊಗೆ ಅರ್ಧ ಗಂಟೆ ಕಥೆ ಬರುತ್ತದೆ. ಹಾಗಾಗಿ ಸ್ಕ್ಯಾನ್‌ಗೆ ಫೋಟೊ ಲೆಕ್ಕ, ಜೋಡಿಸುವುದಕ್ಕೆ ಗಂಟೆ ಲೆಕ್ಕ ಅಂತ ಬೇರೆ ಬೇರೆ ರೇಟ್ ಇಡಿ. ಹಿಂಬದಿಯಲ್ಲಿ ಸ್ಟುಡಿಯೋ ಸೀಲು, ಕೈಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ವರ್ಷ ಅಲ್ಲೇ ಸಿಗುವುದುಂಟು.

ಗಾಜು ಒರೆಸುವಾಗ ಲಿಕ್ವಿಡ್ ಬಟ್ಟೆಗೆ ಹಾಕಿ, ನೇರ ಗಾಜಿನ ಮೇಲೆ ಬೇಡ. ಒಳಗೆ ಇಳಿದರೆ ಬಿಚ್ಚಿ ಒರೆಸುವುದು ದೊಡ್ಡ ತಲೆನೋವು.