ಡಬ್ಬಿಯ ಬೆನ್ನು ಓದದೆ ‘ಸಿಂಪ್ಸನ್ಸ್’ 20ನೇ ಸೀಸನ್ ಕೊಳ್ಳಬೇಡಿ

ಹೋದ ತಿಂಗಳು ಮೈಸೂರಿನಿಂದ ತಂಗಿಯ ಮಗ ಫೋನ್ ಮಾಡಿದ. “ಮಾವ, ಬರೆದವರೇ ಕೂತು ಮಾತಾಡ್ತಾರೆ ಅಂತಿದ್ರಲ್ಲ, ಅದು ಇದ್ರಲ್ಲಿ ಎಲ್ಲಿದೆ? ಹುಡುಕಿ ಹುಡುಕಿ ಸಾಕಾಯ್ತು.” ಯಾವ ಡಿವಿಡಿ ಸೆಟ್ ತಗೊಂಡೆ ಅಂತ ಕೇಳಿದೆ. ಅಮೆರಿಕದ ಕಾರ್ಟೂನ್ ಹಾಸ್ಯ ಸರಣಿ ‘ದಿ ಸಿಂಪ್ಸನ್ಸ್’ನ 20ನೇ ಸೀಸನ್ ಅಂದ. ಕರುಳು ಚುರುಕ್ ಅಂದಿತು. 2010ರಲ್ಲಿ ನಾನು ಬಿದ್ದ ಹಳ್ಳಕ್ಕೇ ಹುಡುಗನೂ ಬಿದ್ದಿದ್ದ.

ಆಗ ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ. ಸೀಸನ್ 1ರಿಂದ 12ರವರೆಗಿನ ಡಿವಿಡಿ ಸೆಟ್‌ಗಳು ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ಎಪಿಸೋಡ್‌ಗಳನ್ನು ಟಿವಿಯಲ್ಲೇ ನೋಡಬಹುದಿತ್ತು. ನಾನು ದುಡ್ಡು ಕೊಡುತ್ತಿದ್ದದ್ದು ಕಾಮೆಂಟರಿಗಾಗಿ. ಪ್ರತಿ ಎಪಿಸೋಡಿಗೂ ಬರೆದವರು, ನಿರ್ದೇಶಿಸಿದವರು, ಎಷ್ಟೋ ಸಲ ಸರಣಿಯನ್ನು ಹುಟ್ಟುಹಾಕಿದ ಮ್ಯಾಟ್ ಗ್ರೇನಿಂಗ್ ಅವರೇ ಕೂತು, ಈ ಜೋಕು ಹೇಗೆ ಹುಟ್ಟಿತು, ಯಾವ ಸಾಲು ಬಿದ್ದುಹೋಯಿತು ಅಂತ ಹೇಳುತ್ತಾ ಹೋಗುತ್ತಾರೆ. 59 ಎಪಿಸೋಡ್ ಬರೆದ ಜಾನ್ ಸ್ವಾರ್ಟ್ಸ್‌ವೆಲ್ಡರ್ ಯಾರ ಕಣ್ಣಿಗೂ ಬೀಳದ ಮನುಷ್ಯ. 9ನೇ ಸೀಸನ್ನಿನ ‘ದಿ ಕಾರ್ಟ್ರಿಜ್ ಫ್ಯಾಮಿಲಿ’ ಕಾಮೆಂಟರಿಯಲ್ಲಿ ಉಳಿದವರೆಲ್ಲ ಸೇರಿ ಅವರ ಮನೆಗೇ ಫೋನ್ ಹಚ್ಚುತ್ತಾರೆ. ಆತ ಸ್ವಲ್ಪ ಹೊತ್ತು ಮಾತಾಡಿ, ನಾನು ನಿಜವಾಗಿ ಸ್ವಾರ್ಟ್ಸ್‌ವೆಲ್ಡರ್ ಅಲ್ಲ ಅನ್ನುವ ಹಾಗೆ ಒಂದು ಮಾತು ಬಿಟ್ಟು ಫೋನ್ ಇಟ್ಟುಬಿಡುತ್ತಾರೆ. ಅದೊಂದು ಕ್ಷಣಕ್ಕೆ ಇಡೀ ಸೆಟ್ ಕೊಳ್ಳಬಹುದು. ಹಾಸ್ಯ ಬರೆಯುವವರ ಕೋಣೆಯೊಳಗೆ ನನ್ನಂಥವನಿಗೆ ಬೇರೆ ಯಾವ ಬಾಗಿಲೂ ಇರಲಿಲ್ಲ.

ಸರಣಿ ಶುರುವಾದದ್ದು 1989ರ ಡಿಸೆಂಬರ್‌ನಲ್ಲಿ. ಇಪ್ಪತ್ತು ವರ್ಷದ ಸಂಭ್ರಮಕ್ಕೆಂದು 12ನೇ ಸೀಸನ್ನಿನಿಂದ ನೇರ 20ಕ್ಕೆ ಹಾರಿ, ನಡುವಿನ ಏಳು ಸೀಸನ್ ಬಾಕಿ ಇರುವಾಗಲೇ, 2010ರ ಜನವರಿ 12ರಂದು ಈ ಸೆಟ್ ಬಿಟ್ಟರು. ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕಿನಲ್ಲೂ ಬಂತು. ನಾನು ಬ್ಲೂ-ರೇ ತಂದೆ. ಹೊರಗೆ ಹಿಮ, ಒಳಗೆ ಬಿಸಿ ಅನ್ನ ಸಾರು, ಕೈಯಲ್ಲಿ ರಿಮೋಟ್. ಮೆನುವಿನಲ್ಲಿ ಕಾಮೆಂಟರಿ ಇಲ್ಲ. ಆಡಿಯೋ ಬಟನ್ ಒತ್ತಿದಾಗೆಲ್ಲ ಭಾಷೆ ಬದಲಾಗುತ್ತಿತ್ತೇ ಹೊರತು ಆ ಪರಿಚಿತ ದನಿಗಳು ಬರಲೇ ಇಲ್ಲ. ಡಿಸ್ಕ್ ತೆಗೆದು, ಒರೆಸಿ, ಮತ್ತೆ ಹಾಕಿದೆ. ಸಿಕ್ಕಿದ ‘ವಿಶೇಷ’ ಒಂದೇ: ವಾರ್ಷಿಕೋತ್ಸವದ ಟಿವಿ ಕಾರ್ಯಕ್ರಮದ ಸಣ್ಣ ತುಣುಕು. ಆ ಕಾರ್ಯಕ್ರಮವೋ, ಎರಡು ದಿನ ಹಿಂದೆ, ಜನವರಿ 10ಕ್ಕೇ ಟಿವಿಯಲ್ಲಿ ಬಂದುಹೋಗಿತ್ತು.

ಬ್ಲೂ-ರೇ ಅಂದರೆ ಪೂರ್ತಿ ಎಚ್‌ಡಿ, ಅಂದರೆ ಹೆಚ್ಚು ಸ್ಪಷ್ಟವಾದ ಅಗಲ ಪರದೆಯ ಚಿತ್ರ, ಇರುತ್ತದೆ ಅಂದುಕೊಂಡದ್ದೂ ತಪ್ಪು. ಸರಣಿ ಎಚ್‌ಡಿಗೆ ಬದಲಾದದ್ದು ಇದೇ ಸೀಸನ್ನಿನ ಹತ್ತನೇ ಎಪಿಸೋಡಿನಿಂದ, 2009ರ ಫೆಬ್ರವರಿ 15ರಂದು. ಸೀಸನ್ನಿನ 21 ಎಪಿಸೋಡ್‌ಗಳಲ್ಲಿ ಮೊದಲ ಒಂಬತ್ತು ಹಳೇ ಟಿವಿಯ 4:3 ಚೌಕದಲ್ಲೇ ಇವೆ, ಎರಡು ಪಕ್ಕ ಕಪ್ಪು ಪಟ್ಟಿ.

ಹುಡುಗನಿಗಾದದ್ದು ಇನ್ನೂ ಕೆಟ್ಟದ್ದು. ‘ಎಲ್ಲಾ ಎಕ್ಸ್‌ಟ್ರಾ ಸಮೇತ’ ಅಂತ ಮಾರಿದವನ ಮಾತು ನಂಬಿ ಸೆಕೆಂಡ್ ಹ್ಯಾಂಡ್ ಡಿವಿಡಿ ತರಿಸಿದ್ದಾನೆ. ಡಿವಿಡಿಗಳಿಗೆ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕೆಂಬ ರೀಜನ್ ಅಂಕಿ ಇರುತ್ತದೆ. ಇದು ಅಮೆರಿಕದ ಸೆಟ್, ರೀಜನ್ 1. ಭಾರತದ್ದು ರೀಜನ್ 5. ಮನೆಯ ಪ್ಲೇಯರ್ ಡಿಸ್ಕನ್ನು ಒಪ್ಪಲೇ ಇಲ್ಲ. ಆಮೇಲೆ ಲ್ಯಾಪ್‌ಟಾಪಿನ ಡ್ರೈವ್ ಅನ್ನು ರೀಜನ್ 1ಕ್ಕೆ ಬದಲಾಯಿಸಿದ್ದಾನೆ. ಇಲ್ಲೊಂದು ಮಾತು ನೆನಪಿಡಿ: ಸಾಮಾನ್ಯವಾಗಿ ಈ ಡ್ರೈವ್‌ಗಳಲ್ಲಿ ರೀಜನ್ ಬದಲಿಸಲು ಐದೇ ಅವಕಾಶ. ಐದನೆಯದರಲ್ಲಿ ಏನಿಟ್ಟಿರೋ ಅಲ್ಲೇ ಲಾಕ್.

ಇದನ್ನು ಓದಿ ಡಿಸ್ಕುಗಳ ಆಸೆಯನ್ನೇ ಬಿಡಬೇಡಿ. 13ನೇ ಸೀಸನ್ 2010ರ ಆಗಸ್ಟ್‌ನಲ್ಲಿ ಬಂದಾಗ ಕಾಮೆಂಟರಿ ಮರಳಿತ್ತು. 2019ರ ಡಿಸೆಂಬರ್‌ನಲ್ಲಿ ಬಂದ 19ನೆಯದರಲ್ಲೂ ಇದೆ. ಮೈಕಲ್ ಜಾಕ್ಸನ್ ದನಿ ಕೊಟ್ಟ ‘ಸ್ಟಾರ್ಕ್ ರೇವಿಂಗ್ ಡ್ಯಾಡ್’ ಎಪಿಸೋಡನ್ನು 2019ರಲ್ಲಿ ತಯಾರಕರೇ ಪ್ರಸಾರದಿಂದ ಹಿಂತೆಗೆದರು, ಸ್ಟ್ರೀಮಿಂಗ್‌ನಲ್ಲಿ ಸಿಗುವುದಿಲ್ಲ. 3ನೇ ಸೀಸನ್ನಿನ ಹಳೇ ಡಿವಿಡಿಯಲ್ಲಿ ಅದೂ ಇದೆ, ಅದರ ಕಾಮೆಂಟರಿಯೂ ಇದೆ. ಆದ್ದರಿಂದಲೇ ಹೇಳುತ್ತಿದ್ದೇನೆ, ಇರುವ ದುಡ್ಡನ್ನು ಬೋಳು ಡಿಸ್ಕಿಗೆ ಹಾಕಬೇಡಿ.

ಯಾರ ಹತ್ತಿರ ಕೊಂಡರೂ ಮುಂಬದಿಯ ಚಿತ್ರ ಸಾಲದು, ಹಿಂಬದಿಯ ಫೋಟೋ ಕೇಳಿ. ಪ್ರತಿ ಎಪಿಸೋಡಿಗೂ ಆಡಿಯೋ ಕಾಮೆಂಟರಿ ಅಂತ ಅಚ್ಚಾಗಿದೆಯೇ, ಪುಟ್ಟ ಭೂಗೋಳದ ಚಿಹ್ನೆಯೊಳಗೆ ಯಾವ ರೀಜನ್ ಅಂಕಿ ಇದೆ, ಎರಡನ್ನೂ ಹಿಗ್ಗಿಸಿ ನೋಡಿ. ಫೋಟೋ ಕಳಿಸಲು ಸಬೂಬು ಹೇಳಿದರೆ ಅಲ್ಲಿಗೇ ಕೈಬಿಡಿ.

ತಂಗಿ ಮುಂದಿನ ವಾರ ಊರಿಗೆ ವಾಪಸ್ ಹೊರಡುತ್ತಿದ್ದಾಳೆ. ಅವಳ ಸೂಟ್‌ಕೇಸಿನಲ್ಲಿ ನನ್ನ 9ನೇ ಸೀಸನ್ ಹಾಕಿದ್ದೇನೆ. ರೀಜನ್ ಮತ್ತೆ ಬದಲಿಸಬೇಡ, ಹಾಗೇ ಬಿಟ್ಟಿರು ಅಂತ ಹುಡುಗನಿಗೆ ಹೇಳಿದ್ದೇನೆ.